ಗುರ್ರೆನ್ನದ ನಾಯಿ

ಫೆಬ್ರವರಿ ೩

ತಮ್ಮಾ,

ಒಂದು ದಿನ ಮೊದಲೇ ಹೊರಟುಬಂದದ್ದಕ್ಕೆ ನಿನ್ನ ಹೆಂಡತಿ ಬೇಸರ ಮಾಡಿಕೊಂಡಿರಬಹುದು. ಅವಳ ಉಪಚಾರದಲ್ಲಿ ಏನೂ ಕೊರತೆ ಇರಲಿಲ್ಲವೆಂದು ಹೇಳು. ನಾನು ಹೊರಟದ್ದು ನಿಮ್ಮ ನಾಯಿ ಬೂದಿಯ ಕಾರಣಕ್ಕೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತಕ್ಕಾ, ಆಯ್ತು" ಎನ್ನುತ್ತೀಯ, ಎರಡನೆಯ "ಆಯ್ತು" ನನ್ನ ಕಿವಿ ತಲಪುವ ಮೊದಲೇ ಇಟ್ಟುಬಿಟ್ಟಿರುತ್ತೀಯ. ಕಾಗದವನ್ನು ಅರ್ಧ ಓದಿ ಮಡಚಿಟ್ಟರೂ ಇನ್ನರ್ಧ ಮನೆಯಲ್ಲೇ ಇರುತ್ತದೆ.

ಭಾನುವಾರ ಬೆಳಿಗ್ಗೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೀನು ಪೇಪರ್ ಓದುತ್ತಿದ್ದೆ. ಬೂದಿ ಊಟದ ಮೇಜಿನ ಕೆಳಗೆ ಮಲಗಿತ್ತು. ಚೋಟಿ ತೆವಳಿಕೊಂಡು ಒಳಗೆ ಹೋಗಿ, ದಿಂಬಿನ ಮೇಲೆ ಬೀಳುವ ಹಾಗೆ ಅದರ ಬೆನ್ನ ಮೇಲೆ ಬಿದ್ದಳು. ನೀನು ಪೇಪರಿನ ಅಂಚಿನಿಂದ ನೋಡಿ, "ನೋಡಕ್ಕಾ, ಆರು ತಿಂಗಳ ಹಿಂದೆ ಇವಳು ಹತ್ರ ಹೋದ್ರೆ ಗುರ್ ಅಂತಿತ್ತು. ಈಗ ಒಂದ್ ಸದ್ದಿಲ್ಲ," ಎಂದೆ. ನಿಜ, ಸದ್ದಿರಲಿಲ್ಲ. ನಾನು ಬಗ್ಗಿ ನೋಡಿದೆ. ಬೂದಿಯ ಬಾಯಿ ಹೊಲಿದ ಹಾಗೆ ಮುಚ್ಚಿತ್ತು. ಹೊಟ್ಟೆ ಏರಿಳಿಯುತ್ತಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣನ್ನು ಮಾತ್ರ ನಿನ್ನ ಮಗಳ ಕಡೆ ಹೊರಳಿಸಿತ್ತು, ಬಿಳಿಗುಡ್ಡೆ ಒಂದು ಕಡೆ ಪೂರಾ ಕಾಣುವಷ್ಟು. ನಾನು "ಚೋಟಿ, ಬಾ, ಅತ್ತೆ ಚೀಲದಲ್ಲಿ ಏನಿದೆ ನೋಡು" ಎಂದು ಕರೆದೆ. ಅವಳು ಎದ್ದುಬಂದಳು. ಬೂದಿ ಉಸಿರು ಬಿಟ್ಟಿತು. ನೀನು ಪುಟ ತಿರುಗಿಸಿದೆ.

ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಪಾಪ, ಮಗು ಸಂಜೆಯವರೆಗೆ ಅದನ್ನು ತೆರೆದು ತೆರೆದು ನೋಡುತ್ತಿತ್ತು.

ನಮ್ಮ ಆಶ್ರಯಕ್ಕೆ ಬರುವುದೆಲ್ಲ ಯಾರನ್ನಾದರೂ ಕಚ್ಚಿದ ನಾಯಿಗಳೇ. ಹಲ್ಲು ಕಿರಿಯುವ ಹದಿನಾಲ್ಕು ನಾಯಿಗಳ ನಡುವೆ ಕೂತು ನಾನು ನೆಮ್ಮದಿಯಾಗಿ ಚಹಾ ಕುಡಿಯುತ್ತೇನೆ. ನಿನ್ನ ಮೇಜಿನ ಕೆಳಗೆ ಬಗ್ಗಿದಾಗ ನನ್ನ ಅಂಗೈ ಬೆವರಿತು.

ಬೂದಿಯ ಕೊರಳಿಗೆ ಶಾಕ್ ಕೊಡುವ ಕರೆಂಟಿನ ಪಟ್ಟಿ ಕಟ್ಟಿದ್ದೀಯಲ್ಲ, ಅದರ ರಿಮೋಟಿನ ಗುಂಡಿಯನ್ನು ಈವರೆಗೆ ಎಷ್ಟು ಸಲ ಒತ್ತಿದ್ದೀಯ? ಯಾವಾಗ ಒತ್ತಿದ್ದೀಯ? ಒತ್ತಿದ ಕ್ಷಣದಲ್ಲಿ ಬೂದಿ ಯಾರನ್ನು ನೋಡುತ್ತಿತ್ತು? ಮೂರನೆಯ ಪ್ರಶ್ನೆಗೆ ಯೋಚಿಸಿ ಉತ್ತರ ಬರೆ. ಅಲ್ಲಿಯವರೆಗೆ ಅವರಿಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡ.

ಅಕ್ಕ

*

ಫೆಬ್ರವರಿ ೧೧

ಅಕ್ಕಾ,

ಕಾಗದ ಬಂತು. ಈ ಕಟ್ಟಡಕ್ಕೆ ಕಾಗದ ಬಂದು ಎಷ್ಟು ಕಾಲವಾಗಿತ್ತೆಂದರೆ, ಕೆಳಗಿನ ಕಾವಲಿನವನು ಕೋರ್ಟಿನ ನೋಟಿಸೆಂದು ತಿಳಿದು ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟ. ಓದಿದ ಮೇಲೆ ಅವನು ತಿಳಿದದ್ದೇ ಸರಿ ಅನ್ನಿಸಿತು.

ನೀನು ಕುಂಬಳಕಾಯಿ ಕಳ್ಳ ಎಂದ ಮಾತ್ರಕ್ಕೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಉತ್ತರ, ಲಿಫ್ಟ್ ರಿಪೇರಿಯ ವರದಿ ತುಂಬುವ ಹಾಗೆ: ಎಷ್ಟು ಸಲ? ಮೊದಲ ತಿಂಗಳು ಇಪ್ಪತ್ತು, ಇಪ್ಪತ್ತೈದು. ಮುಂದಿನ ತಿಂಗಳು ನಾಲ್ಕೈದು. ಈಗ ಇಲ್ಲವೇ ಇಲ್ಲ. ಯಾವಾಗ? ಗುರ್ ಎಂದಾಗ. ಯಾರನ್ನು ನೋಡುತ್ತಿತ್ತು? ಚೋಟಿಯನ್ನು, ಇನ್ಯಾರನ್ನು? ನನ್ನನ್ನು ನೋಡಿ ಅದು ಯಾವತ್ತೂ ಗುರ್ ಎಂದಿಲ್ಲ.

ಗುಂಡಿ ಒತ್ತಿದರೆ ಲಿಫ್ಟ್ ಬರಬೇಕು, ಬಂದರೆ ನನ್ನ ಕೆಲಸ ಮುಗಿಯಿತು. ಇಲ್ಲೂ ಹಾಗೆಯೇ. ಅದು ತಿನ್ನುತ್ತಿರುವಾಗ ಚೋಟಿ ಬಟ್ಟಲಿಗೆ ಕೈ ಹಾಕಿದರೂ ಈಗ ಸುಮ್ಮನಿರುತ್ತದೆ. ತಿನ್ನುವುದನ್ನು ನಿಲ್ಲಿಸಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಎಷ್ಟು ಮರ್ಯಾದೆ ಕಲಿತಿದೆ ನೋಡು. ಜ್ವರ ಬಿಟ್ಟ ಮೇಲೆ ರೋಗಿಯನ್ನು ಹೆದರಿಸುವ ಡಾಕ್ಟರನ್ನು ಇದೇ ಮೊದಲು ಕಂಡೆ.

ನಾವಿಬ್ಬರು ಮೂರು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದವರು. ಮೂರು ಸಲವೂ ಬಾಗಿಲಲ್ಲಿ ಎದುರುಗೊಂಡದ್ದು ಬೂದಿ. ಇವಳು ಅಳುವಾಗ ಇವಳ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. ಅದನ್ನು ಹಿಂಸಿಸಲು ನನಗೇನು ಹುಚ್ಚೆ? ಆದರೆ ಒಂದು ಹಲ್ಲು ಚೋಟಿಗೆ ತಗುಲಿದರೂ ಮಾರನೆಯ ದಿನ ನಾನೇ ಅದನ್ನು ಪಶುವೈದ್ಯರ ಬಳಿ ಒಯ್ದು ಕೊನೆಯ ಇಂಜೆಕ್ಷನ್ ಹಾಕಿಸಬೇಕಾಗುತ್ತದೆ. ಹಾಕಿಸುತ್ತೇನೆ ಕೂಡ. ಆ ಗುಂಡಿ ಅದರ ಜೀವ ಉಳಿಸಿದೆ, ತಿಳಿದುಕೋ.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರೆ. ನನ್ನದು ಬೊಗಳುವುದೂ ಇಲ್ಲ, ಕಚ್ಚುವುದೂ ಇಲ್ಲ.

ಆ ಪಟ್ಟಿಯನ್ನು ನನಗೆ ಕೊಟ್ಟವರು ಯಾರೆಂದು ಬರೆಯಬೇಕಾಗಿಲ್ಲ ಅಂದುಕೊಂಡಿದ್ದೇನೆ.

ನಿನ್ನ ತಮ್ಮ

*

ಫೆಬ್ರವರಿ ೧೭

ತಮ್ಮಾ,

ನಾನೇ ಕೊಟ್ಟೆ. ಎಂಟು ವರ್ಷದ ಹಿಂದೆ ಬೂದಿ ಮರಿಯಾಗಿದ್ದಾಗ ತಂದುಕೊಟ್ಟು, "ಇದೊಂದಿದ್ರೆ ಸಾಕು, ಒಂದೇ ವಾರದಲ್ಲಿ ದಾರಿಗೆ ಬರುತ್ತೆ" ಎಂದದ್ದೂ ನೆನಪಿದೆ. ಅದು ನಿನ್ನ ಅಟ್ಟದ ಮೇಲೆ ಇಷ್ಟು ಕಾಲ ಕಾದಿತ್ತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದರೆ, ನಾನು ಕೇಳಲಿಲ್ಲ.

ಗೋದಾಮು ಕಾಯುವ ನಾಯಿಗಳನ್ನು ತರಬೇತು ಮಾಡುವ ಕೆಲಸ ಯಾಕೆ ಬಿಟ್ಟೆ ಎಂದು ನೀನು ಎರಡು ಸಲ ಕೇಳಿದ್ದೆ. ಸೊಂಟ ನೋವು ಎಂದು ಹೇಳಿದ್ದೆ. ಸೊಂಟಕ್ಕೆ ಏನೂ ಆಗಿರಲಿಲ್ಲ. ಅಲ್ಲೊಂದು ಹೆಣ್ಣುನಾಯಿ ಇತ್ತು. ಬಂದುಹೋಗುವವರನ್ನು ಕಂಡು ಗುರ್ರೆನ್ನುತ್ತದೆಂದು ದೂರು ಬಂತು. ನಾನು ಗುಂಡಿ ಒತ್ತಿ ಹದಿನೈದು ದಿನದಲ್ಲಿ ನಿಲ್ಲಿಸಿದೆ. ಎಲ್ಲರೂ ಹೊಗಳಿದರು. ಲೆಕ್ಕ ಬರೆಯುವ ಹೆಂಗಸೊಬ್ಬಳು ಅದಕ್ಕೆ ದಿನವೂ ತನ್ನ ಡಬ್ಬಿಯಿಂದ ಊಟ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಬೀಗದ ಕೈ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು. ಅವಳ ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ವರದಿಯಲ್ಲಿ ನಾನು "ಯಾವ ಮುನ್ಸೂಚನೆಯೂ ಇರಲಿಲ್ಲ" ಎಂದು ಬರೆದೆ. ಆ ಮುನ್ಸೂಚನೆಗಳನ್ನು ಒಂದೊಂದಾಗಿ ಅಳಿಸಿದವಳು ನಾನೇ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ. ಇಂಜೆಕ್ಷನ್ ಹಾಕುವಾಗ ನಾಯಿಯ ತಲೆ ಹಿಡಿದುಕೊಂಡವಳೂ ನಾನೇ. ಆಗಲೂ ಅದು ಸದ್ದು ಮಾಡಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಗಂಟೆ ಗಲಾಟೆ ಮಾಡುತ್ತದೆಂದು ನೀನು ಲಿಫ್ಟಿನ ಎಚ್ಚರಿಕೆ ಗಂಟೆಯ ತಂತಿ ಕತ್ತರಿಸಿ ರಿಪೇರಿಯಾಯಿತೆಂದು ಸಹಿ ಹಾಕುತ್ತೀಯಾ? ಬೂದಿ "ನನಗೆ ಭಯವಾಗುತ್ತಿದೆ, ದೂರ ಇರು" ಎನ್ನುತ್ತಿತ್ತು. ನೀನು ಭಯವನ್ನು ಹಾಗೇ ಬಿಟ್ಟು ಮಾತನ್ನು ಕಿತ್ತುಕೊಂಡೆ. ಇನ್ನೂ ಒಂದು ಕೆಟ್ಟದ್ದಿದೆ. ಗುಂಡಿ ನಿನ್ನ ಜೇಬಿನಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಚೋಟಿ ಹತ್ತಿರ ಬಂದಾಗಲೆಲ್ಲ ಕೊರಳು ಸುಡುತ್ತದೆ ಎಂಬುದಷ್ಟೇ ಗೊತ್ತು. ಇಪ್ಪತ್ತೈದು ಸಲ ಅದನ್ನೇ ಪಾಠ ಮಾಡಿದ್ದೀಯ. ಬಟ್ಟಲಿನ ಮುಂದೆ ಕಲ್ಲಿನ ಹಾಗೆ ನಿಲ್ಲುವುದು ಮರ್ಯಾದೆಯಲ್ಲ, ತಮ್ಮಾ.

ಆ ಪಟ್ಟಿ ಬಿಚ್ಚು. ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಗೇಟು ಹಾಕಿ ಬೂದಿಯನ್ನು ಒಳಗಿಡು, ಚೋಟಿ ಹೊರಗಿರಲಿ. ಬಟ್ಟಲೂ ಗೇಟಿನ ಒಳಗೇ ಇರಲಿ. ಬೇಯಿಸಿದ ಕೋಳಿಯನ್ನು ಉಗುರಿನಷ್ಟು ಚೂರು ಮಾಡಿಕೊಂಡು ಬೂದಿಯ ಪಕ್ಕ ಕೂರು. ಅವಳಮ್ಮ ಚೋಟಿಯನ್ನು ದೂರದ ಗೋಡೆಯ ಬಳಿ ಕರೆತರಲಿ. ಮಗು ಕಂಡ ಮೇಲೆ ಚೂರು, ಮರೆಯಾದ ಮೇಲೆ ಏನೂ ಇಲ್ಲ. ಮೊದಲು ಮಗು, ಆಮೇಲೆ ಚೂರು, ಈ ಕ್ರಮ ತಪ್ಪಬಾರದು. ನಿಮ್ಮ ನೆಲಕ್ಕೆ ಚೌಕದ ಟೈಲ್ಸ್ ಇವೆಯಲ್ಲ, ಎಷ್ಟು ಟೈಲ್ಸ್ ದೂರದಲ್ಲಿ ಚೂರನ್ನು ನೆಮ್ಮದಿಯಿಂದ ತಿಂದಿತು ಎಂದು ಬರೆದಿಡು. ತಿನ್ನದಿದ್ದರೆ ಮಗು ಇನ್ನೂ ದೂರ ಹೋಗಲಿ. ದಿನಕ್ಕೆ ಐದು ನಿಮಿಷ ಸಾಕು. ಇಂಥ ಕಲಿಕೆಗೆ ತಿಂಗಳುಗಳೇ ಹಿಡಿಯುತ್ತವೆ.

ಗುರ್ ಎಂದರೆ ಬೈಯಬೇಡ. ಮಗುವನ್ನು ಹಿಂದಕ್ಕೆ ಕರೆದುಕೋ, ಅಷ್ಟೆ. ಅದು ಬಾಯಿಬಿಟ್ಟು ಹೇಳಿದ್ದು ನಮ್ಮ ಪುಣ್ಯ.

ಗಾದೆ ಮಾಡಿದವನು ಬೊಗಳದ ನಾಯಿಯ ಬಗ್ಗೆ ಏನೂ ಹೇಳದೆ ಹೋದ. ಅವನಿಗೂ ಹೆದರಿಕೆಯಾಗಿರಬೇಕು.

ಅಕ್ಕ

*

ಮಾರ್ಚ್ ೮

ತಮ್ಮಾ,

ಹತ್ತೊಂಬತ್ತು ದಿನವಾಯಿತು. ಆಶ್ರಯದ ಕಚೇರಿಯಲ್ಲಿ ಫೋನು ರಿಂಗಣಿಸಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗಿ ಬಟ್ಟಲು ತೊಳೆಯುತ್ತೇನೆ. ತೊಳೆದದ್ದನ್ನೇ ತೊಳೆಯುತ್ತೇನೆ. ಬೇರೆಯವರು ಫೋನು ಎತ್ತಿ "ನಿಮಗಲ್ಲ" ಎಂದು ಕೂಗುವವರೆಗೆ ನಲ್ಲಿ ನಿಲ್ಲಿಸುವುದಿಲ್ಲ.

ಬೈದಾದರೂ ಒಂದು ಸಾಲು ಬರೆ.

ಅಕ್ಕ

*

ಮಾರ್ಚ್ ೧೪

ಅತ್ತಿಗೆ,

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇರುವ ಎರಡು ಕೋಣೆಯಲ್ಲಿ ಫೋನು ಮಾಡಿದರೆ ಎಲ್ಲ ಕೇಳಿಸುತ್ತದೆ. ಹೊಲಿಗೆಯ ಮೇಜಿನ ಮೇಲೆ, ಬಟ್ಟೆ ಕತ್ತರಿಸುವ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಇವರಿಗೆ ಗೊತ್ತಿಲ್ಲ.

ನಿಮ್ಮ ಕಾಗದ ಬಂದ ದಿನ ಇವರು ಊಟ ಮಾಡಲಿಲ್ಲ. ಮಾರನೆಯ ದಿನವೇ ಗೇಟು ಹಾಕಿದರು, ಪಟ್ಟಿ ಬಿಚ್ಚಿದರು. ಕೋಳಿಯ ಚೂರುಗಳನ್ನು ಸ್ಕ್ರೂ ಡಬ್ಬಿಯಲ್ಲಿ ಹಾಕಿಕೊಂಡು ಕೂತರು. ಮೊದಲ ದಿನ ಹನ್ನೊಂದು ಟೈಲ್ಸ್ ದೂರದಲ್ಲಿ ಬೂದಿ ತಿಂದಿತು. ಗೋಡೆಯ ಕ್ಯಾಲೆಂಡರಿನಲ್ಲಿ ೧೧ ಎಂದು ಬರೆದರು, ಮಗಳ ಅಂಕಪಟ್ಟಿ ಬಂದ ಹಾಗೆ ಖುಷಿಪಟ್ಟರು. ಮೂರನೆಯ ದಿನ ಚೋಟಿ ನನ್ನ ಕೈ ಬಿಡಿಸಿಕೊಂಡು ಗೇಟಿನವರೆಗೆ ಓಡಿದಳು. ಬೂದಿ ಗುರ್ ಎಂದಿತು. ಸಣ್ಣ ಸದ್ದು. ಇವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನೋಡಿದ್ಯಾ? ಬಿಚ್ಚಿದ ಮೂರೇ ದಿನಕ್ಕೆ ಶುರು. ಅಕ್ಕಂದೇನು, ಅವಳಿಗೆ ಮಗು ಇದ್ಯಾ?" ಎಂದರು. ಇದನ್ನು ನಿಮಗೆ ಬರೆಯಬಾರದಿತ್ತು. ಪಟ್ಟಿ ಮತ್ತೆ ಕಟ್ಟಿದರು. ಗೇಟು ಉಳಿಯಿತು, ನಾನು ಬಿಡಲಿಲ್ಲ.

ಇವರು ಕೆಟ್ಟವರಲ್ಲ ಅತ್ತಿಗೆ. ಗುಂಡಿ ಒತ್ತಿದ ಮೇಲೆ ಹೋಗಿ ಅದರ ಪಕ್ಕ ನೆಲದ ಮೇಲೆ ಕೂರುತ್ತಾರೆ. ಕಿವಿ ಸವರುತ್ತಾರೆ. ಅದು ಇವರ ಕೈ ನೆಕ್ಕುತ್ತದೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಹೋದ ಗುರುವಾರ ರಿಮೋಟು ಕಾಣಿಸಲಿಲ್ಲ. ಎಲ್ಲ ಕಡೆ ಹುಡುಕುತ್ತಿದ್ದೆವು. ಅಡುಗೆಮನೆಯಲ್ಲಿ ಬೂದಿ ಕಿರುಚಿತು. ಓಡಿಹೋದರೆ ಚೋಟಿ ಗೇಟಿನ ಈಚೆ ನಿಂತು ಎರಡು ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದಳು. ಆಟದ ಸಾಮಾನು ಅಂದುಕೊಂಡಿದ್ದಳು. ಬೂದಿ ಒಲೆಕಟ್ಟೆಯ ಕೆಳಗೆ ನುಗ್ಗಿ ಅಲ್ಲಿಂದ ಅವಳನ್ನೇ ನೋಡುತ್ತಿತ್ತು. ಇವರು ಚೋಟಿಗೆ ಬೈಯಲಿಲ್ಲ. ಬರೀ ಕೈ ಚಾಚಿದರು. ಮಗು ಅಳಲೂ ಇಲ್ಲ, ರಿಮೋಟನ್ನು ಇವರ ಕೈಯಲ್ಲಿಟ್ಟು ಮೂಲೆಗೆ ಹೋಗಿ ನಿಂತಳು. ಮೂಲೆಗೆ ಹೋಗೆಂದು ನಾವ್ಯಾರೂ ಹೇಳಿಕೊಟ್ಟಿಲ್ಲ.

ಪಟ್ಟಿಯನ್ನು ದಿನವೂ ಚಾರ್ಜಿಗೆ ಹಾಕುವುದು ನನ್ನ ಕೆಲಸ. ನನ್ನ ಫೋನಿನ ಪಕ್ಕ ಹಾಕುತ್ತೇನೆ. ಆರು ತಿಂಗಳಿಂದ ಹಾಕಿದ್ದೇನೆ. ಗುರುವಾರದಿಂದ ಹಾಕುತ್ತಿಲ್ಲ. ಸತ್ತ ಪಟ್ಟಿಯನ್ನೇ ಕಟ್ಟುತ್ತಿದ್ದೇನೆ. ಇವರಿಗೆ ಗೊತ್ತಾದ ದಿನ ಏನಾಗುತ್ತದೋ. ಗೊತ್ತಾಗುವ ಮೊದಲೇ ಏನಾದರೂ ಆಗಿಬಿಟ್ಟರೆ ಅದು ನನ್ನ ತಲೆಯ ಮೇಲೆ. ಏನು ಮಾಡಲಿ?

ಚೋಟಿಯ ಅಮ್ಮ

*

ಮಾರ್ಚ್ ೧೮

ತಂಗೀ,

ನೀನು ಮಾಡಿದ್ದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ಅವನು ಇಲ್ಲದ ಗುಂಡಿಯನ್ನು ನಂಬಿ ಕೂತಿರುತ್ತಾನೆ. ನಂಬಿದವನು ಎದ್ದು ಓಡುವುದಿಲ್ಲ. ನನಗೆ ಭಯವಾಗುವುದು ಅದಕ್ಕೆ. ಇವತ್ತೇ ಹೇಳಿಬಿಡು. ನಾನೇ ಹೇಳಿಕೊಟ್ಟೆನೆಂದು ಹೇಳು, ಬೈಗುಳ ನನಗೆ ಬರಲಿ. ಹೇಳುವವರೆಗೆ ಗೇಟಿನ ಚಿಲಕವನ್ನು ಹೋಗುವಾಗ ಬರುವಾಗ ಎರಡೆರಡು ಸಲ ನೋಡು.

ಬೂದಿ ಮೂರನೆಯ ದಿನಕ್ಕೆ ಗುರ್ರೆಂದದ್ದು ನಿನ್ನ ಕಾಗದದಲ್ಲಿದ್ದ ಒಂದೇ ಒಳ್ಳೆಯ ಸುದ್ದಿ. ದನಿ ಇನ್ನೂ ಸತ್ತಿಲ್ಲ.

ಅವನಿಗೆ ಬೇರೆ ಕಾಗದ ಹಾಕುತ್ತಿದ್ದೇನೆ. ನನಗೆ ಮಗು ಇಲ್ಲ ಎಂಬುದು ನಿಜ, ಅದಕ್ಕೆ ನೀನು ನೊಂದುಕೊಳ್ಳಬೇಡ.

ಅತ್ತಿಗೆ

*

ಮಾರ್ಚ್ ೧೮

ತಮ್ಮಾ,

ನಾನು ಬರೆದದ್ದನ್ನು ನೀನು ಮಾಡಿದೆಯೋ ಬಿಟ್ಟೆಯೋ ಗೊತ್ತಿಲ್ಲ. ನಾಯಿಯ ವಿಷಯ ಇವತ್ತು ಬರೆಯುವುದಿಲ್ಲ.

ಅಪ್ಪ ಇದ್ದಾಗ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮನೇಲಿ ಎರಡು ಮಕ್ಕಳಿದ್ದಾವೆ ಅಂತಾನೇ ಗೊತ್ತಾಗಲ್ಲ ಕಣ್ರೀ." ಅಪ್ಪ ಅಳತೆಪಟ್ಟಿಯನ್ನು ಮೇಜಿನ ಮೇಲೆ ನೇರ ಮಾಡಿ ಇಡುತ್ತಾ ನಗುತ್ತಿದ್ದರು. ನಿನಗೆ ಒಂಬತ್ತು ವರ್ಷವಾದಾಗ, ಪಕ್ಕ ಕೂರುತ್ತಿದ್ದ ಹುಡುಗ ನಿನ್ನ ರಬ್ಬರಿಗೆ ಕೈ ಹಾಕಿದ. ನೀನು ಕೈವಾರದ ಮುಳ್ಳನ್ನು ಅವನ ಅಂಗೈಗೆ ಇಳಿಸಿದೆ. ಒಂದು ಮಾತಿಲ್ಲ, ಬೈಗುಳವಿಲ್ಲ. ಮೇಷ್ಟ್ರು ಅಪ್ಪನನ್ನು ಕರೆಸಿ, "ಇಷ್ಟು ಸಾಧು ಹುಡುಗ, ಇದ್ದಕ್ಕಿದ್ದ ಹಾಗೆ ಏನಾಯ್ತೋ!" ಎಂದು ಕೈ ಹಿಸುಕಿಕೊಂಡರು.

ಇದ್ದಕ್ಕಿದ್ದ ಹಾಗೆ ಆದದ್ದಲ್ಲ. ನಾನು ನಡುವಿನ ಬಿಡುವಿನಲ್ಲಿ ನಿಮ್ಮ ತರಗತಿಯ ಕಿಟಕಿಯ ಬಳಿ ನಿಂತಿದ್ದೆ. ಆ ಹುಡುಗ ಕಾಲು ಗಂಟೆಯಿಂದ ನಿನ್ನ ಸಾಮಾನು ಮುಟ್ಟುತ್ತಲೇ ಇದ್ದ. ನಿನ್ನ ಕಿವಿ ಕೆಂಪಾಗಿತ್ತು. ತುಟಿ ಬಿಗಿದಿತ್ತು. ನೀನು ಗೋಡೆಯ ಕಡೆ ನೋಡುತ್ತಿದ್ದೆ. ನಿನ್ನ ಕಿವಿಯನ್ನು ಓದಬಲ್ಲವಳು ಆ ಶಾಲೆಯಲ್ಲಿ ನಾನೊಬ್ಬಳೇ. ಒಳಗೆ ಬಂದು ಆ ಹುಡುಗನನ್ನು ಎಬ್ಬಿಸಬಹುದಿತ್ತು. ಗಂಟೆ ಬಾರಿಸಿತು, ಹೋಗಿಬಿಟ್ಟೆ. ಆ ಸಂಜೆ ಅಳತೆಪಟ್ಟಿಯ ಸದ್ದು ಕೇಳಿಸದಿರಲೆಂದು ಸ್ನಾನದ ಮನೆಯಲ್ಲಿ ನಲ್ಲಿ ತೆರೆದು ಕೂತಿದ್ದೆ.

ಇದನ್ನು ನಾವು ಯಾವತ್ತೂ ಆಡಿಲ್ಲ. ಈಗಲೂ ಉತ್ತರ ಬರೆಯಬೇಕಾಗಿಲ್ಲ.

ಅಕ್ಕ

*

ಏಪ್ರಿಲ್ ೫

ಅಕ್ಕಾ,

ನಿನ್ನ ಕೊನೆಯ ಕಾಗದವನ್ನು ಲಿಫ್ಟಿನ ಯಂತ್ರದ ಕೋಣೆಯಲ್ಲಿ ಓದಿದೆ. ಮೂರು ಮಹಡಿಯವರು ಲಿಫ್ಟ್ ಬರಲಿಲ್ಲವೆಂದು ಕೂಗಿದರು. ಆ ಕಾಗದಕ್ಕೆ ಉತ್ತರ ಬರೆಯುತ್ತಿಲ್ಲ. ಬೇರೆಯದನ್ನು ಬರೆಯುತ್ತೇನೆ.

ಮಾರ್ಚ್ ೨೭, ಬೆಳಿಗ್ಗೆ ಎಂಟು ಗಂಟೆ. ನಾನು ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದೆ. ಹೊಲಿಯಲು ಬಟ್ಟೆ ತಂದವರು ಬಾಗಿಲು ಬಡಿದರು. ಅಡುಗೆಮನೆಯಿಂದ ಇವಳು ಹೋದಳು, ಕೈಯಲ್ಲಿ ಪಾತ್ರೆ ಇತ್ತು, ಗೇಟಿನ ಚಿಲಕ ಬೀಳಲಿಲ್ಲ. ನಾನು ತಲೆಯೆತ್ತಿದಾಗ ಚೋಟಿ ಗೇಟಿನ ಒಳಗಿದ್ದಳು. ಬೂದಿ ಬಟ್ಟಲಿನ ಮುಂದಿತ್ತು. ಅವಳಿಗೂ ಅದಕ್ಕೂ ನಡುವೆ ಮೂರು ಟೈಲ್ಸ್. ನನಗೂ ಅವಳಿಗೂ ಒಂಬತ್ತು. ಆಮೇಲೆ ಎಣಿಸಿದೆ.

ಬೂದಿ ತಿನ್ನುವುದನ್ನು ನಿಲ್ಲಿಸಿತು. ಕಲ್ಲಿನ ಹಾಗೆ ನಿಂತಿತು. ನೀನು ಬರೆದದ್ದು ಆಗ ಕಣ್ಣಿಗೆ ಕಂಡಿತು: ಮುಚ್ಚಿದ ಬಾಯಿ, ಕಣ್ಣಿನ ಬಿಳಿ. ಅಷ್ಟು ವರ್ಷ ನೋಡಿದ ಮುಖ, ಒಮ್ಮೆಯೂ ನೋಡಿರಲಿಲ್ಲ. ನಾನು ಎದ್ದು ಓಡಬೇಕಿತ್ತು. ಜೇಬಿಗೆ ಕೈ ಹಾಕಿದೆ, ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಚೋಟಿ ಇನ್ನೊಂದು ಹೆಜ್ಜೆ ಇಟ್ಟಳು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದುಕೊಂಡೆ. ಬೂದಿ ಗುರ್ ಎಂದಿತು. ಹೊಟ್ಟೆಯ ಆಳದಿಂದ, ಉದ್ದವಾಗಿ.

ಚೋಟಿ ನಿಂತಳು. ಒತ್ತಿದ ಗುಂಡಿ ಒತ್ತಿಯೇ ಇತ್ತು. ಅವಳು ಅದರ ಮುಖ ನೋಡಿದಳು. ಆಮೇಲೆ ತಿರುಗಿ, ಹೆಜ್ಜೆ ಹೆಜ್ಜೆಯಾಗಿ ಗೇಟಿನಿಂದ ಹೊರಗೆ ಬಂದು, "ಬೂದಿ ಬೇಡ ಅಂತು" ಎಂದಳು. ಅಷ್ಟೇ. ಪಕ್ಕದ ಮನೆಯವರು ಬೇಡ ಎಂದ ಹಾಗೆ. ಬೂದಿ ತಲೆ ತಗ್ಗಿಸಿ ತಿನ್ನತೊಡಗಿತು. ನಾನು ಇನ್ನೂ ಕುರ್ಚಿಯಲ್ಲೇ ಇದ್ದೆ. ಬಾಗಿಲಲ್ಲಿ ಇವಳು ಬಟ್ಟೆಯ ಗಂಟು ಎದೆಗವಚಿಕೊಂಡು ನಿಂತಿದ್ದಳು, ನನ್ನನ್ನೇ ನೋಡುತ್ತಾ. ಮಗುವನ್ನಲ್ಲ, ನಾಯಿಯನ್ನಲ್ಲ. "ಅದರಲ್ಲಿ ಚಾರ್ಜಿಲ್ಲ. ಎರಡು ವಾರದಿಂದ ಇಲ್ಲ," ಎಂದಳು. ಅವಳ ದನಿ ಕೇಳಿ ನನಗೆ ಗೊತ್ತಾಯಿತು, ಅವಳಿಗೆ ನನ್ನ ಭಯ ಎಂದು. ಯಾವಾಗಿನಿಂದಲೋ.

ಆ ಗುಂಡಿ ಕೆಲಸ ಮಾಡಿದ್ದರೆ? ದಿನವೂ ಅಲ್ಲಿಗೆ ಬಂದು ನಿಲ್ಲುತ್ತೇನೆ. ಗುರ್ ಎನ್ನುವ ಮೊದಲೇ ಒತ್ತಿದ್ದೆ. ಮುಂದಿನದನ್ನು ನೀನು ಹೇಳಬೇಕಾಗಿಲ್ಲ.

ಪಟ್ಟಿ, ರಿಮೋಟು ಎರಡನ್ನೂ ಕಳಚಿ ಕೆಲಸದ ಜಾಗದ ಕಸದಲ್ಲಿ ಹಾಕಿದ್ದೇನೆ. ಗೇಟಿಗೆ ತಾನಾಗಿ ಬೀಳುವ ಚಿಲಕ ಕೂರಿಸಿದೆ. ಮತ್ತೆ ಮೊದಲಿನಿಂದ ಶುರು ಮಾಡಿದ್ದೇವೆ. ಮೊದಲ ಎರಡು ದಿನ ಹನ್ನೊಂದರಲ್ಲೂ ತಿನ್ನಲಿಲ್ಲ, ಮಗುವನ್ನು ಹೊರಗಿನ ಬಾಗಿಲಲ್ಲಿ ನಿಲ್ಲಿಸಬೇಕಾಯಿತು. ನಿನ್ನೆ ಹತ್ತರಲ್ಲಿ ತಿಂದಿತು, ಬಾಲ ಸ್ವಲ್ಪ ಅಲ್ಲಾಡಿತು. ಅಲ್ಲಾಡಲಿಲ್ಲ ಎಂದು ಇವಳ ವಾದ. ಇದು ಎಂದಾದರೂ ಮುಗಿಯುತ್ತದೆಯೋ, ಬೂದಿ ನಿನ್ನಲ್ಲಿಗೆ ಬರಬೇಕಾಗುತ್ತದೆಯೋ, ನನಗೆ ಗೊತ್ತಿಲ್ಲ. ಅದಕ್ಕೆ ಜಾಗ ಇದೆಯಾ ಎಂದು ಕೇಳಿಟ್ಟಿರು. ಅವಳಿಗೆ ಮಗು ಇದ್ಯಾ ಎಂದು ನಾನು ಆಡಿದ ಮಾತು ನಿನ್ನ ಕಿವಿಗೆ ಬಿದ್ದಿದ್ದರೆ, ಬಿದ್ದಿಲ್ಲವೆಂದು ಬರೆ.

ಇವತ್ತು ಭಾನುವಾರ. ಭಾನುವಾರ ಚೋಟಿಯ ತಲೆ ಬಾಚುವುದು ನನ್ನ ಪಾಲಿನ ಕೆಲಸ. ಇಷ್ಟು ದಿನ ಅವಳು ಗೊಂಬೆಯ ಹಾಗೆ ಕೂರುತ್ತಿದ್ದಳು, ಸಿಕ್ಕು ಎಳೆದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ನಾನು ಬಾಚಣಿಗೆ ಹಿಡಿದು ಹತ್ತಿರ ಹೋದಾಗ, ಗೋಡೆಗೆ ಬೆನ್ನು ಕೊಟ್ಟು, "ಬೇಡ! ಅಪ್ಪ ಬೇಡ!" ಎಂದು ಕಿರುಚಿದಳು. ಮನೆ ಹಾರಿಹೋಗುವ ಹಾಗೆ.

ನನ್ನ ಹೆಬ್ಬೆರಳು ಜೇಬಿನೊಳಗೆ ಏನನ್ನೋ ಹುಡುಕಿತು, ಅಕ್ಕಾ. ಅಲ್ಲಿ ಏನೂ ಇರಲಿಲ್ಲ. ಆದರೂ ಹುಡುಕಿತು.

ನಾನು ಹಿಂದಕ್ಕೆ ಬಂದೆ. ಬಾಚಣಿಗೆಯನ್ನು ನನಗೂ ಅವಳಿಗೂ ನಡುವೆ ನೆಲದ ಮೇಲಿಟ್ಟು ಕೂತಿದ್ದೇನೆ. ಕೂತಲ್ಲೇ ಇದನ್ನು ಬರೆಯುತ್ತಿದ್ದೇನೆ. ಅವಳು ಇನ್ನೂ ಗೋಡೆಯ ಬಳಿಯೇ ಇದ್ದಾಳೆ. ನನ್ನನ್ನು ನೋಡುತ್ತಿದ್ದಾಳೆ.

ತಮ್ಮ